ಬಯಲುಸೀಮೆಗೆ ಸಮುದ್ರ ತೋರಿಸುವವರು ಯಾರು?

ಜೂನ್ ಬಂತೆಂದರೆ ಚಿತ್ರದುರ್ಗದ ಜೋಗಿಮಟ್ಟಿ ಸುತ್ತಿನ ಗುಡ್ಡಗಳ ಮೇಲಿನ ಗಾಳಿ ವಿದ್ಯುತ್ ಫ್ಯಾನುಗಳಿಗೆ ಪುರುಸೊತ್ತೇ ಇರುವುದಿಲ್ಲ. ಹೆದ್ದಾರಿಯಲ್ಲಿ ಹೋಗುವವರು ಮೊಬೈಲ್ ಹೊರಗೆ ಚಾಚಿ ವಿಡಿಯೊ ಮಾಡಿಕೊಳ್ಳುತ್ತಾರೆ. ಆ ಗಾಳಿ ಎಲ್ಲಿಂದ ಹೊರಟಿತು ಅಂತ ಕೇಳುವವರು ಕಡಿಮೆ. ಅದು ಸಮಭಾಜಕ ವೃತ್ತದ ಆಚೆ ಹುಟ್ಟಿ, ಆಫ್ರಿಕಾದ ಪೂರ್ವ ಕರಾವಳಿಯ ಹತ್ತಿರ ತಿರುವು ತೆಗೆದುಕೊಂಡು, ಇಡೀ ಅರಬ್ಬಿ ಸಮುದ್ರ ದಾಟಿ ಬರುವ ಮುಂಗಾರು ಗಾಳಿ. ದಾರಿಯಲ್ಲಿ ಹೀರಿದ ನೀರನ್ನೆಲ್ಲ ಅದು ಘಟ್ಟದ ಮೇಲೆಯೇ ಸುರಿದುಬಿಡುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿ.ಮೀ. ದಾಟುವ ಮಳೆ ಚಳ್ಳಕೆರೆಯಲ್ಲಿ 500ರ ಆಸುಪಾಸು. ನಮ್ಮ ಪಾಲಿಗೆ ಗಾಳಿ ಜಾಸ್ತಿ, ನೀರು ಕಮ್ಮಿ.

ಆದರೂ ನಮ್ಮ ಕಡೆ ಸಮುದ್ರ ಅಂದ್ರೆ ಟೂರು. ಮುರುಡೇಶ್ವರ, ಗೋಕರ್ಣ, ಮಲ್ಪೆ. ಶಾಲೆ ಮಕ್ಕಳನ್ನು ರಾತ್ರಿ ಬಸ್ಸಿಗೆ ಹತ್ತಿಸುತ್ತಾರೆ, ಬೆಳಿಗ್ಗೆ ಅಲೆಗೆ ಕಾಲು ಅದ್ದಿಸುತ್ತಾರೆ, ಸಂಜೆ ವಾಪಸು ಹೊರಡುತ್ತಾರೆ. ಇದರಲ್ಲಿ ತಪ್ಪೇನೂ ಇಲ್ಲ, ಮಕ್ಕಳು ಕುಣಿದು ಬರುತ್ತಾರೆ. ಆದರೆ ತಮ್ಮ ಹೊಲದ ಶೇಂಗಾಕ್ಕೂ ಆ ನೀರಿಗೂ ಇರುವ ನಂಟು ಮಾತ್ರ ಅವರಿಗೆ ಗೊತ್ತಾಗಿರುವುದಿಲ್ಲ.

ಈ ತಾಪತ್ರಯ ನಮ್ಮೊಬ್ಬರದಲ್ಲ. ವಿಶ್ವಸಂಸ್ಥೆ 2021ರಿಂದ 2030ರವರೆಗಿನ ಅವಧಿಯನ್ನು ಸಾಗರ ವಿಜ್ಞಾನದ ದಶಕ ಎಂದು ಕರೆದು ಹತ್ತು ಸವಾಲುಗಳನ್ನು ಗೊತ್ತುಮಾಡಿದೆ. ಮಾಲಿನ್ಯ, ಮೀನು, ಹವಾಮಾನ ಎಲ್ಲ ಆದ ಮೇಲೆ ಹತ್ತನೆಯದು ಜನರಿಗೂ ಸಮುದ್ರಕ್ಕೂ ಇರುವ ಸಂಬಂಧವನ್ನು ಸರಿಪಡಿಸುವುದು. ವಿಜ್ಞಾನಿಗಳ ಪಟ್ಟಿಗೆ ಇಂಥದ್ದೊಂದು ಸೇರಬೇಕಾದರೆ, ಬರೀ ಅಂಕಿಅಂಶದಿಂದ ಕೆಲಸ ಆಗುತ್ತಿಲ್ಲ ಅಂತ ಅವರಿಗೇ ಅನಿಸಿರಬೇಕು. ಭೂಮಿಯಲ್ಲಿ ಹೆಚ್ಚಾದ ಶಾಖದಲ್ಲಿ ಶೇ 90ರಷ್ಟನ್ನು ಸಮುದ್ರವೇ ನುಂಗಿಕೊಂಡಿದೆ ಅಂತ ಎಷ್ಟು ಸಲ ಬರೆದರೂ ಓದುವವರು ಪುಟ ತಿರುಗಿಸುತ್ತಾರೆ. ಹಾಗಾಗಿ ಈಗ ಕಲಾವಿದರಿಗೆ ಕರೆ ಹೋಗುತ್ತಿದೆ. ವೆನಿಸ್‌ನ ಹಳೆಯ ಚರ್ಚೊಂದು 2019ರಿಂದ ಸಮುದ್ರದ ಕಲೆ–ವಿಜ್ಞಾನಕ್ಕೇ ಮೀಸಲಾಗಿದೆ. ಅಮೆರಿಕದ ಶ್ಮಿಟ್ ಓಷನ್ ಇನ್‌ಸ್ಟಿಟ್ಯೂಟ್ ತನ್ನ ಸಂಶೋಧನಾ ಹಡಗಿನಲ್ಲಿ ಕಲಾವಿದರಿಗೂ ಜಾಗ ಕೊಡುತ್ತಾ ಬಂದಿದೆ.

ಇದರಿಂದ ಏನಾದರೂ ಆಗುತ್ತದೆಯೇ? ನನಗೆ ಅನಿಸುವುದು ಇಷ್ಟು. ವಿಜ್ಞಾನಿಯ ಕೆಲಸ ಮುಗಿದ ಮೇಲೆ ಬಣ್ಣ ಹಚ್ಚೋಕೆ ಕಲಾವಿದರನ್ನು ಕರೆದರೆ ಏನೂ ಆಗುವುದಿಲ್ಲ. ಅಳೆಯುವ ಹೊತ್ತಿಗೇ ಅವರು ಜೊತೆಯಲ್ಲಿದ್ದರೆ ಆಗುತ್ತದೆ. ಮತ್ತೆ, ಆ ಕೆಲಸ ದಡದಲ್ಲೇ ನಿಂತುಬಿಟ್ಟರೆ ಅರ್ಧ ಆದಂತೆ ಅಷ್ಟೇ. ಸಮುದ್ರ ಕಾಣದ ಊರುಗಳೇ ಜಾಸ್ತಿ, ಅಲ್ವಾ?

ಬರ್ಮುಡಾ ದ್ವೀಪದ ಹತ್ತಿರ 1930ರಿಂದ 1934ರವರೆಗೆ ನಡೆದದ್ದನ್ನು ನೋಡಿ. ಜೀವವಿಜ್ಞಾನಿ ವಿಲಿಯಂ ಬೀಬಿ ಮತ್ತು ಎಂಜಿನಿಯರ್ ಓಟಿಸ್ ಬಾರ್ಟನ್ ಉಕ್ಕಿನ ಗುಂಡಿನೊಳಗೆ ಕೂತು ಸಮುದ್ರಕ್ಕೆ ಇಳಿಯುತ್ತಿದ್ದರು. ಗುಂಡಿನ ಅಡ್ಡಗಲ ಐದಡಿಗೂ ಕಮ್ಮಿ. 1934ರ ಆಗಸ್ಟ್‌ನಲ್ಲಿ 3,028 ಅಡಿ ಮುಟ್ಟಿದರು. ಅಲ್ಲಿ ಸೂರ್ಯನ ಬೆಳಕಿಲ್ಲ. ಮೈಯಲ್ಲಿ ದೀಪ ಹೊತ್ತ ಮೀನುಗಳು ಕ್ಷಣ ಕಂಡು ಮಾಯವಾಗುತ್ತಿದ್ದವು. ಬೀಬಿ ಕಂಡದ್ದನ್ನು ಕಂಡ ಹಾಗೇ ಟೆಲಿಫೋನ್ ತಂತಿಯಲ್ಲಿ ಮೇಲಕ್ಕೆ ಹೇಳುತ್ತಿದ್ದರು, ಹಡಗಿನ ಮೇಲೆ ಗ್ಲೋರಿಯಾ ಹಾಲಿಸ್ಟರ್ ಬರೆದುಕೊಳ್ಳುತ್ತಿದ್ದರು. ಆ ಟಿಪ್ಪಣಿ ಮತ್ತು ಬೀಬಿಯ ಮಾತನ್ನು ಹಿಡಿದು ಎಲ್ಸ ಬೋಸ್ಟಲ್‌ಮನ್ ಎಂಬ ಚಿತ್ರಕಲಾವಿದೆ ಆ ಮೀನುಗಳನ್ನು ಬಿಡಿಸಿದರು. ಈಕೆ ಸುಮ್ನೆ ಮೇಲೆ ಕೂತವರಲ್ಲ. ತಾಮ್ರದ ಹೆಲ್ಮೆಟ್ ತೊಟ್ಟು ತಾವೂ ನೀರಿಗೆ ಇಳಿದರು. ಸತುವಿನ ಹಲಗೆ ಮೇಲೆ ಎಣ್ಣೆ ಬಣ್ಣ ಹಚ್ಚಿದರು. ಕುಂಚದ ಹಿಡಿ ಮರದ್ದು. ಕೈ ಬಿಟ್ಟರೆ ಮೇಲಕ್ಕೆ ತೇಲಿ ಹೋಗುತ್ತದೆ, ಹಾಗಾಗಿ ದಾರ ಕಟ್ಟಿಕೊಳ್ಳಬೇಕಿತ್ತು. ನೀರಿನಲ್ಲಿ ಕೆಂಪು ಮೊದಲು ಕರಗುತ್ತದೆ, ಕೊನೆಗೆ ಉಳಿಯುವುದು ನೀಲಿ. ಬೀಬಿ ಹೇಳಿದ ನೀಲಿಯನ್ನು ಬಿಡಿಸಲು ನೀರೊಳಗೆ ಬಣ್ಣ ಹೇಗೆ ಬದಲಾಗುತ್ತದೆ ಎಂದು ಸ್ವತಃ ನೋಡಿದ ಕಣ್ಣು ಬೇಕಿತ್ತು.

ಇದರಲ್ಲೇ ಒಂದು ಎಡವಟ್ಟೂ ಇದೆ. ಬೀಬಿ ಕಂಡೆ ಎಂದು ಹೆಸರಿಟ್ಟ ಕೆಲವು ಮೀನುಗಳನ್ನು ಆಮೇಲೆ ಯಾರೂ ನೋಡಿಲ್ಲ. ಮೀನಿಲ್ಲ, ಚಿತ್ರ ಮಾತ್ರ ಇದೆ. ಚಿತ್ರ ಚೆನ್ನಾಗಿದ್ದಷ್ಟೂ ಜನ ನಂಬುತ್ತಾರೆ. ಕಲೆ–ವಿಜ್ಞಾನದ ಜೋಡಿ ಬಗ್ಗೆ ಹಾಡಿ ಹೊಗಳುವವರು ಈ ಭಾಗವನ್ನು ಹೇಳುವುದೇ ಇಲ್ಲ.

ಸಮುದ್ರದ ತಳದ ನಕ್ಷೆಯ ಕಥೆ ಇದಕ್ಕಿಂತ ದೊಡ್ಡದು. ಅಮೆರಿಕದ ಮೇರಿ ಥಾರ್ಪ್ ಭೂವಿಜ್ಞಾನಿ. ಹೆಣ್ಣು ಎಂಬ ಕಾರಣಕ್ಕೆ ಬಹಳ ವರ್ಷ ಅವರನ್ನು ಸಂಶೋಧನಾ ಹಡಗು ಹತ್ತಲು ಬಿಡಲಿಲ್ಲ. ಬ್ರೂಸ್ ಹೀಜನ್ ಮತ್ತಿತರರು ಹಡಗಿನಿಂದ ತಂದ ಆಳದ ಅಳತೆಗಳನ್ನು ಇವರು ಮೇಜಿನ ಮೇಲೆ ಕೂಡಿಸುತ್ತಾ ಹೋದರು. ಅಟ್ಲಾಂಟಿಕ್ ತಳದ ಪರ್ವತ ಸಾಲಿನ ನಟ್ಟನಡುವೆ ಉದ್ದಕ್ಕೂ ಬಿರುಕು ಕಂಡಿತು. ಭೂಖಂಡಗಳು ಸರಿಯುತ್ತವೆ ಎಂಬುದಕ್ಕೆ ಅದು ದೊಡ್ಡ ಸುಳಿವು. ಹೀಜನ್ ಮೊದಲು ಅದನ್ನು ಹೆಂಗಸರ ಹರಟೆ ಎಂದು ತಳ್ಳಿಹಾಕಿದ್ದರು, ಆಮೇಲೆ ಒಪ್ಪಿದರು. ಅದು ಶೀತಲ ಸಮರದ ಕಾಲ. ಆಳದ ಅಂಕಿಗಳಿರುವ ನಕ್ಷೆಯನ್ನು ಅಮೆರಿಕದ ನೌಕಾಪಡೆ ಗುಟ್ಟಾಗಿ ಇಟ್ಟಿತ್ತು. ಅಂಕಿ ಹಾಕುವಂತಿಲ್ಲ ಎಂದಮೇಲೆ ಥಾರ್ಪ್ ಗುಡ್ಡ, ಕಣಿವೆಗಳನ್ನು ಕೈಯಲ್ಲೇ ಬಿಡಿಸಿದರು. ಸರ್ಕಾರದ ಗುಟ್ಟಿನಿಂದಾಗಿ ನಕ್ಷೆ ಚಿತ್ರವಾಯಿತು!

ಆಮೇಲೆ ಇವರಿಗೆ ಜೊತೆಯಾದವರು ಆಲ್ಪ್ಸ್ ಪರ್ವತದ ನೋಟಗಳನ್ನು ಬಿಡಿಸಿ ಹೆಸರಾಗಿದ್ದ ಆಸ್ಟ್ರಿಯಾದ ಹೈನ್ರಿಕ್ ಬೆರಾನ್. ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆಗಾಗಿ ಅವರು ಬಿಡಿಸಿದ ಮೊದಲ ಸಾಗರ ತಳ ನಮ್ಮ ಹಿಂದೂ ಮಹಾಸಾಗರದ್ದು. ಅದು 1967ರಲ್ಲಿ ಬಂತು. ಅದಕ್ಕೆ ಸ್ವಲ್ಪ ಮೊದಲು ಹಲವು ದೇಶಗಳ ಹಡಗುಗಳು ಸೇರಿ ಹಿಂದೂ ಮಹಾಸಾಗರವನ್ನು ಶೋಧಿಸಿದ್ದವು. ಗೋವಾದ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆ 1966ರಲ್ಲಿ ಹುಟ್ಟಿದ್ದೂ ಅದೇ ಶೋಧದ ಫಲವಾಗಿ. 1977ರಲ್ಲಿ ಇಡೀ ಭೂಮಿಯ ಸಾಗರ ತಳದ ಚಿತ್ರ ಮುಗಿಯಿತು. ನೀರನ್ನು ತೆಗೆದಿಟ್ಟರೆ ಭೂಮಿ ಹೀಗಿರುತ್ತದೆ ಎಂದು ಜನ ಮೊದಲು ಕಂಡದ್ದು ಆ ಚಿತ್ರದಲ್ಲಿ. ಅದರಲ್ಲೂ ಗುಡ್ಡಗಳ ಎತ್ತರವನ್ನು ಹಿಗ್ಗಿಸಲಾಗಿದೆ. ಅಳತೆ ಸಿಗದ ಕಡೆ ಊಹೆಯಿಂದ ತುಂಬಲಾಗಿದೆ. ಆದರೆ ಆ ಊಹೆ ಥಾರ್ಪ್ ಅವರದ್ದು. ಯಾವ ಬಗೆಯ ತಳ ಎಲ್ಲಿ ಹೇಗೆ ಮುಂದುವರಿಯುತ್ತದೆ ಎಂದು ಬಲ್ಲವರ ಊಹೆ. ಬೀಬಿಯ ಮೀನಿಗೂ ಇದಕ್ಕೂ ಇರುವ ವ್ಯತ್ಯಾಸ ಇದೇ. ಇಲ್ಲಿ ಬೇರೆಯವರು ಹೋಗಿ ಮತ್ತೆ ಅಳೆದು ನೋಡಬಹುದಿತ್ತು, ನೋಡಿದರು ಕೂಡ.

ತಿಮಿಂಗಿಲದ ಹಾಡಿನ ಕಥೆ ಬಹಳ ಜನ ಬಲ್ಲರು. ರೋಜರ್ ಪೇನ್ 1970ರಲ್ಲಿ ಹಂಪ್‌ಬ್ಯಾಕ್ ತಿಮಿಂಗಿಲಗಳ ದನಿಯ ರೆಕಾರ್ಡ್ ತಂದರು. 1979ರಲ್ಲಿ ಒಂದು ಪತ್ರಿಕೆ ಅದರ ತೆಳು ರೆಕಾರ್ಡನ್ನು ಒಂದು ಕೋಟಿಗೂ ಮೀರಿದ ಪ್ರತಿಗಳ ಜೊತೆ ಹಂಚಿತು. 1982ರಲ್ಲಿ ವಾಣಿಜ್ಯ ಬೇಟೆ ನಿಲ್ಲಿಸುವ ತೀರ್ಮಾನ ಆಯಿತು. ಹಾಡಿನಿಂದಲೇ ಆಯಿತು ಎನ್ನುವುದು ಉತ್ಪ್ರೇಕ್ಷೆ. ಆದರೆ ಆ ದನಿ ಕೇಳಿದ ಮೇಲೆ ತಿಮಿಂಗಿಲವನ್ನು ಬರೀ ಎಣ್ಣೆಯ ಲೆಕ್ಕದಲ್ಲಿ ನೋಡುವುದು ಜನರಿಗೆ ಕಷ್ಟವಾಯಿತು.

ಈಗಿನ ಕೆಲಸಗಳೆಲ್ಲ ಈ ಮಟ್ಟದ್ದಲ್ಲ. ಆಸ್ಟ್ರೇಲಿಯಾದ ಟೌನ್ಸ್‌ವಿಲ್ ಊರಿನ ದಡದ ಹತ್ತಿರ ಜೇಸನ್ ಡಿಕೈರ್ಸ್ ಟೇಲರ್ 2019ರ ಕೊನೆಯಲ್ಲಿ ನಿಲ್ಲಿಸಿದ ಹುಡುಗಿಯ ಪ್ರತಿಮೆ ಇದೆ. ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿರುವ ಮಾಪಕದಿಂದ ನೀರಿನ ಬಿಸಿ ಎಷ್ಟು ಎಂಬ ಸುದ್ದಿ ಬರುತ್ತದೆ, ಅದಕ್ಕೆ ತಕ್ಕಂತೆ ಪ್ರತಿಮೆಯ ದೀಪದ ಬಣ್ಣ ಬದಲಾಗುತ್ತದೆ. ನೀರು ಬಿಸಿಯಾದರೆ ಕೆಂಪು. ಐಡಿಯಾ ಜಾಣತನದ್ದು, ಒಪ್ಪೋಣ. ಆದರೆ ಪ್ರತಿಮೆ ಬಂದ ಮೇಲೂ 2020, 2022, 2024ರಲ್ಲಿ ಅಲ್ಲಿನ ಹವಳ ನೀರಿನ ಬಿಸಿಗೆ ಬಣ್ಣ ಕಳೆದುಕೊಂಡು ದೊಡ್ಡ ಪ್ರಮಾಣದಲ್ಲಿ ಬಿಳಿಚಿತು. ಹಾಗಂತ ಪ್ರತಿಮೆ ನೀರನ್ನು ತಣ್ಣಗೆ ಮಾಡಬೇಕಿತ್ತು ಅಂತಲ್ಲ. ನೋಡುವವರಿಗೆ ಅಲ್ಲಿ ಮಾಡಲು ಏನೂ ಕೆಲಸವಿಲ್ಲ, ನನ್ನ ತಕರಾರು ಅಷ್ಟೇ. ಸೆಲ್ಫಿ ತೆಗೆದು ಹೋಗಬಹುದು.

ಇದಕ್ಕೆ ಹೋಲಿಸಿದರೆ ಕ್ರೋಶಾ ಹವಳದ ಕೆಲಸ ನನಗೆ ಬಹಳ ಹಿಡಿಸುತ್ತದೆ. ಕ್ರೋಶಾ ಕಡ್ಡಿ ದಾವಣಗೆರೆಯ ಎಷ್ಟೋ ಮನೆಗಳಲ್ಲಿ ಈಗಲೂ ಇದೆ. ಬಾಗಿಲ ತೋರಣ, ಟೀಪಾಯಿ ಹೊದಿಕೆ ಅದರಲ್ಲೇ ಆಗುತ್ತವೆ. ಒಂದು ಸುತ್ತು ಹೆಣೆದು ಮುಂದಿನ ಸುತ್ತಿಗೆ ಹೋಗುವಾಗ ಇಂತಿಷ್ಟು ಅಂತ ಕುಣಿಕೆ ಹೆಚ್ಚಿಸಿದರೆ ಬಟ್ಟೆ ಚಪ್ಪಟೆಯಾಗಿ ಬರುತ್ತದೆ. ಲೆಕ್ಕ ತಪ್ಪಿ ಜಾಸ್ತಿ ಆದರೆ ಅಂಚು ನಿರಿಗೆ ನಿರಿಗೆಯಾಗಿ ಮೇಲೇಳುತ್ತದೆ. ಅತ್ತೆಯೋ ಅಕ್ಕನೋ ಬೈದು ಬಿಚ್ಚಿಸುತ್ತಾರೆ. ಆ ತಪ್ಪೇ ಗಣಿತಕ್ಕೆ ಬೇಕಾದದ್ದು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಗಣಿತಜ್ಞೆ ಡೈನಾ ಟೈಮಿನಾ, ಹೈಪರ್‌ಬಾಲಿಕ್ ಎಂಬ ಜಾತಿಯ ಮೇಲ್ಮೈಯನ್ನು ಹೀಗೆ ಹೆಣೆದು ತೋರಿಸಬಹುದು ಎಂದು 1997ರಲ್ಲಿ ಕಂಡುಕೊಂಡರು. ಅದಕ್ಕೂ ಮೊದಲು ಕಾಗದದಲ್ಲಿ ಮಾಡುತ್ತಿದ್ದರು, ಹರಿದುಹೋಗುತ್ತಿತ್ತು. ಹವಳ, ಸಮುದ್ರದ ಪಾಚಿ, ಕಡಲ ಗೊಂಡೆಹುಳುಗಳ ಮೈಯೂ ಇದೇ ನಿರಿಗೆಯದ್ದು. ಸಣ್ಣ ಜಾಗದಲ್ಲಿ ಹೆಚ್ಚು ಮೈ ಸಿಗುತ್ತದೆ, ಹವಳದಂಥವಕ್ಕೆ ನೀರಿನಿಂದ ಆಹಾರ ಹಿಡಿಯಲು ಅನುಕೂಲ.

ಕ್ವೀನ್ಸ್‌ಲ್ಯಾಂಡ್‌ನಲ್ಲಿ ಬೆಳೆದ ಅವಳಿ ಅಕ್ಕತಂಗಿಯರಾದ ಮಾರ್ಗರೆಟ್ ಮತ್ತು ಕ್ರಿಸ್ಟೀನ್ ವರ್ಟ್‌ಹೈಮ್ 2005ರಲ್ಲಿ ಇದನ್ನೇ ಹಿಡಿದು ಕ್ರೋಶಾ ಹವಳ ದಿಬ್ಬ ಹೆಣೆಯಲು ಶುರು ಮಾಡಿದರು. ಒಬ್ಬರದು ವಿಜ್ಞಾನ ಬರವಣಿಗೆ, ಇನ್ನೊಬ್ಬರದು ಕಲೆ. ಆಮೇಲೆ ಊರೂರಲ್ಲಿ ಹೆಂಗಸರು ತಮ್ಮದೇ ಹವಳ ದಿಬ್ಬ ಹೆಣೆದರು. ಸಮುದ್ರವೇ ಇಲ್ಲದ ಊರುಗಳೂ ಅದರಲ್ಲಿವೆ. ಒಂದು ದಿಬ್ಬ ಬಣ್ಣಬಣ್ಣದ್ದು, ಇನ್ನೊಂದು ಬಿಳಿಚಿದ್ದು, ಮತ್ತೊಂದು ಪ್ಲಾಸ್ಟಿಕ್ ಚೀಲ ಸೀಳಿ ಹೆಣೆದದ್ದು. ವಾರಗಟ್ಟಲೆ ಕೂತು ಒಂದು ಹವಳ ಹೆಣೆದವರಿಗೆ, ಅದು ನಿಧಾನವಾಗಿ ಬೆಳೆಯುವ ಜೀವ ಎಂದು ಬೇರೆ ಹೇಳಿಕೊಡಬೇಕಿಲ್ಲ. ಕೈಗೆ ಗೊತ್ತಾಗಿರುತ್ತದೆ.

ಇನ್ನು ಮಂಜುಗಡ್ಡೆಯ ವಿಷಯ. 2015ರ ಡಿಸೆಂಬರಿನಲ್ಲಿ ಪ್ಯಾರಿಸ್ ಹವಾಮಾನ ಸಭೆ ನಡೆಯುವಾಗ ಅಲ್ಲಿನ ಚೌಕವೊಂದರಲ್ಲಿ ಹನ್ನೆರಡು ದೊಡ್ಡ ಮಂಜಿನ ಬಂಡೆಗಳನ್ನು ಗಡಿಯಾರದ ಆಕಾರದಲ್ಲಿ ಇಟ್ಟರು. ಗ್ರೀನ್‌ಲ್ಯಾಂಡ್‌ನ ಕಡಲಿನಲ್ಲಿ ಆಗಲೇ ಕಳಚಿಬಿದ್ದು ತೇಲುತ್ತಿದ್ದವನ್ನು ಎತ್ತಿ ತಂದದ್ದು. ಜನ ಮುಟ್ಟಿದರು, ಕಿವಿಯಿಟ್ಟು ಕೇಳಿದರು, ಅದು ಕರಗಿತು. ಮಾಡಿದವರು ಕಲಾವಿದ ಒಲಾಫುರ್ ಎಲಿಯಾಸನ್ ಮತ್ತು ಭೂವಿಜ್ಞಾನಿ ಮಿನಿಕ್ ರೋಸಿಂಗ್. ಅಷ್ಟು ದೂರದಿಂದ ಮಂಜು ಸಾಗಿಸಲು ಎಷ್ಟು ಇಂಧನ ಸುಟ್ಟಿರಿ ಎಂಬ ಟೀಕೆ ಬಂತು, ಅದೂ ನ್ಯಾಯವೇ. ನನಗೆ ಇಲ್ಲಿ ಕುತೂಹಲ ಇರುವುದು ರೋಸಿಂಗ್ ಬಗ್ಗೆ. ಇವರು ಮಂಜಿನ ತಜ್ಞರಲ್ಲ, ಬಹಳ ಹಳೆಯ ಕಲ್ಲುಗಳ ತಜ್ಞರು. ಗ್ರೀನ್‌ಲ್ಯಾಂಡ್‌ನ ಇಸುವಾ ಎಂಬಲ್ಲಿ 370 ಕೋಟಿ ವರ್ಷಕ್ಕೂ ಹಳೆಯ ಬಂಡೆಗಳಲ್ಲಿ ಜೀವದ ಗುರುತು ಹುಡುಕಿದವರು. ಅಲ್ಲಿ ಸಮುದ್ರದಡಿ ಉಕ್ಕಿ ಹೆಪ್ಪುಗಟ್ಟಿದ ದಿಂಬಿನಾಕಾರದ ಲಾವಾ ಸಿಗುತ್ತದೆ.

ಅದೇ ಬಗೆಯ ಲಾವಾ ಚಿತ್ರದುರ್ಗದಿಂದ ಆಗ್ನೇಯಕ್ಕೆ ಸುಮಾರು 16 ಕಿ.ಮೀ. ದೂರದಲ್ಲೂ ಇದೆ. ಮರಡಿಹಳ್ಳಿಯಲ್ಲಿ. ವಯಸ್ಸು ಸುಮಾರು 250 ಕೋಟಿ ವರ್ಷ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಘೋಷಿಸಿದೆ. ಮಲ್ಪೆಯ ಸೇಂಟ್ ಮೇರೀಸ್ ದ್ವೀಪಕ್ಕೂ ಇದೇ ಪಟ್ಟ ಇದೆ. ಅಲ್ಲಿಗೆ ಬೋಟಿನಲ್ಲಿ ಹೋಗಲು ಕ್ಯೂ ನಿಲ್ಲುತ್ತೇವೆ, ಪಕ್ಕದ ಮರಡಿಹಳ್ಳಿಯನ್ನು ತಿರುಗಿಯೂ ನೋಡುವುದಿಲ್ಲ. ಹಿತ್ತಲ ಗಿಡ ಮದ್ದಲ್ಲ.

ಅಲ್ಲಿನ ಬಂಡೆಯ ಮುಂದೆ ನಿಂತರೆ ಮಂಡಕ್ಕಿ ಭಟ್ಟಿಯಲ್ಲಿ ಮೂಟೆ ಒಟ್ಟಿದ ಹಾಗೆ ಕಾಣುತ್ತದೆ. ಆದದ್ದು ಹೀಗೆ. ಸಾವಿರ ಡಿಗ್ರಿಗೂ ಮೀರಿದ ಬಿಸಿಯ ಲಾವಾ ಸಮುದ್ರದ ತಳದಲ್ಲಿ ಉಕ್ಕುತ್ತದೆ. ತಣ್ಣೀರು ತಾಗಿದ ಕೂಡಲೇ ಮೇಲಿನ ಪದರ ಗಟ್ಟಿಯಾಗುತ್ತದೆ. ಒಳಗಿನದು ಇನ್ನೂ ದ್ರವ. ಹಿಂದಿನಿಂದ ಒತ್ತಡ ಬಂದಂತೆ ಉಬ್ಬಿ, ಬಿರಿದು, ಬಿರುಕಿನಿಂದ ಇನ್ನೊಂದು ದಿಂಬು ಹೊರಬರುತ್ತದೆ. ಮೇಲೆ ಬಿದ್ದ ದಿಂಬಿನ ಹೊಟ್ಟೆ ಮೆತ್ತಗಿರುವುದರಿಂದ, ಕೆಳಗಿನ ಎರಡರ ಸಂದಿಗೆ ಇಳಿದು ಚೂಪಾಗುತ್ತದೆ. ಬೆನ್ನು ಮಾತ್ರ ದುಂಡಗೆ. ಆ ಚೂಪು ಎತ್ತ ಇದೆ ಎಂದು ನೋಡಿಯೇ ಭೂವಿಜ್ಞಾನಿಗಳು ಆಗಿನ ಸಮುದ್ರದ ಮೇಲ್ಭಾಗ ಯಾವ ಕಡೆ ಇತ್ತು ಎಂದು ಹೇಳುತ್ತಾರೆ. ಇದನ್ನು ಹತ್ತು ವರ್ಷದ ಹುಡುಗಿಯೂ ಬೆರಳಿಟ್ಟು ಕಂಡುಹಿಡಿಯಬಹುದು. ಭೀಮಸಮುದ್ರದ ಕಡೆ ಅಗೆಯುವ ಕಬ್ಬಿಣದ ಅದಿರಿನ ಪಟ್ಟೆಗಳೂ ಹಳೆಯ ಸಮುದ್ರದ ನೀರಿನಿಂದ ಇಳಿದು ಕೂತದ್ದೇ. ಲಾರಿಯಲ್ಲಿ ಧೂಳೆಬ್ಬಿಸಿಕೊಂಡು ಹೋಗುವುದು ಒಂದು ಕಾಲದ ಕಡಲ ತಳ.

ಇದು ಹಳೆಯ ಸಮುದ್ರ ಆಯಿತು. ಇವತ್ತಿನದು ಹೊಲಕ್ಕೆ ಸೀದಾ ತಾಗುತ್ತದೆ. 2023ರಲ್ಲಿ ಪೆಸಿಫಿಕ್ ಸಾಗರ ಬಿಸಿಯಾಗಿ ಎಲ್ ನಿನೊ ಬಂತು, ನಮ್ಮ ಮುಂಗಾರು ಕೈಕೊಟ್ಟಿತು, ಕರ್ನಾಟಕದ 200ಕ್ಕೂ ಹೆಚ್ಚು ತಾಲ್ಲೂಕುಗಳನ್ನು ಬರಪೀಡಿತ ಎಂದು ಸಾರಬೇಕಾಯಿತು. ಅದರ ಹಿಂದಿನ ವರ್ಷ ಪೆಸಿಫಿಕ್ ತಣ್ಣಗಿತ್ತು, ಲಾ ನಿನಾ. ಆಗ ಹಿರಿಯೂರಿನ ವಾಣಿವಿಲಾಸ ಸಾಗರ ಜಲಾಶಯ 1933ರ ನಂತರ ಮೊದಲ ಸಲ ಕೋಡಿ ಬಿತ್ತು. ಭದ್ರೆಯ ನೀರೂ ಸೇರಿತ್ತು, ನಿಜ. ಆದರೆ ಆ ವರ್ಷದ ಮಳೆಯನ್ನು ಮರೆಯುವಂತಿಲ್ಲ. ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್‌ನ ಸುಲೋಚನಾ ಗಾಡ್ಗೀಳ್ ಮುಂಗಾರಿಗೂ ಹಿಂದೂ ಮಹಾಸಾಗರದ ಮೇಲಿನ ಮೋಡಗಳಿಗೂ ಇರುವ ಸಂಬಂಧವನ್ನು ಬಿಡಿಸಿದವರು. ಅವರೇ ನಮ್ಮ ಪಕ್ಕದ ಪಾವಗಡದ ಶೇಂಗಾ ರೈತರ ಜೊತೆ ಕೂತು, ಹಳೆಯ ಮಳೆ ದಾಖಲೆ ಹಿಡಿದು, ಬಿತ್ತನೆ ಯಾವಾಗ ಮಾಡಿದರೆ ನಷ್ಟ ಕಡಿಮೆ ಎಂದು ಲೆಕ್ಕ ಹಾಕಿದರು. ಸಮುದ್ರ ವಿಜ್ಞಾನ ಬಯಲುಸೀಮೆಯ ಹೊಲಕ್ಕೆ ಕಾಲಿಟ್ಟದ್ದು ಹೀಗೆ. ಅದೇ ಸಂಸ್ಥೆಯ ಇನ್ನೊಂದು ಕ್ಯಾಂಪಸ್ ಈಗ ಚಳ್ಳಕೆರೆಯ ಕುದಾಪುರದಲ್ಲಿದೆ, ವಿಜ್ಞಾನ ಮೇಷ್ಟ್ರುಗಳಿಗೆ ತರಬೇತಿಯೂ ಅಲ್ಲಿ ನಡೆಯುತ್ತದೆ.

ಅಂದರೆ ವಿಜ್ಞಾನ ಇದೆ, ಕಲ್ಲು ಇದೆ. ಕಲೆಗೆ ಬರವೇ? ಸಾಣೇಹಳ್ಳಿಯ ಶಿವಸಂಚಾರ ತಂಡ 1997ರಿಂದ ವರ್ಷಕ್ಕೆ ಹೊಸ ನಾಟಕ ಕಟ್ಟಿ ನಾಡೆಲ್ಲ ತಿರುಗುತ್ತಿದೆ. ದಾವಣಗೆರೆಯಲ್ಲಿ ದೃಶ್ಯಕಲಾ ಕಾಲೇಜು ಇದೆ, ಕಂಪನಿ ನಾಟಕ ಬೆಳೆದ ಊರು ಬೇರೆ. ಮಳೆ ಕೈಕೊಟ್ಟಾಗ ಹುಡುಗರು ಮಣ್ಣಿನ ಮಳೆರಾಯನನ್ನು ಮಾಡಿ ತಲೆ ಮೇಲೆ ಹೊತ್ತು ಮನೆಮನೆಗೆ ಹಾಡುತ್ತಾ ಹೋಗುವ ಪದ್ಧತಿಯೂ ಈ ಕಡೆಯದ್ದೇ. ಸ್ವಾತಿ ಮಳೆ ಹನಿ ಚಿಪ್ಪಿಗೆ ಬಿದ್ದರೆ ಮುತ್ತು, ಹೊಲಕ್ಕೆ ಬಿದ್ದರೆ ಮುತ್ತಿನಂಥ ಜೋಳ ಅಂತ ಕಡಲು ಕಾಣದ ರೈತರೇ ಹೇಳಿಕೊಂಡು ಬಂದಿದ್ದಾರೆ. ಮಳೆಗೂ ಸಮುದ್ರಕ್ಕೂ ಇರುವ ಸಂಬಂಧ ಇಲ್ಲಿನವರಿಗೆ ಹೊಸದೇನಲ್ಲ.

ಭಯ ಇರುವುದು ಬೇರೆ ಕಡೆ. ಇಂಥದ್ದಕ್ಕೆ ದುಡ್ಡು ಬಂದ ಕೂಡಲೇ ಅದು ಜಾಗೃತಿ ಬೀದಿನಾಟಕ ಆಗಿಬಿಡುತ್ತದೆ. ಒಬ್ಬ ಕುಡುಕ, ಒಬ್ಬ ಜಾಣ, ಕೊನೆಗೆ ಎಲ್ಲರೂ ಸೇರಿ ಪ್ಲಾಸ್ಟಿಕ್ ಬಿಡಿ ಎಂದು ಕೂಗುವುದು. ಕಲಾವಿದರಿಗೆ ಅವಮಾನ, ನೋಡುವವರಿಗೆ ಬೇಸರ. ಅದರ ಬದಲು ನಾಟಕ ಬರೆಯುವವರನ್ನು ಮಳೆ ಮಾಪನ ಕೇಂದ್ರದಲ್ಲಿ ಒಂದು ಮುಂಗಾರು ಪೂರ್ತಿ ಕೂರಿಸಬೇಕು. ಹೈದರಾಬಾದಿನಲ್ಲಿ ಕೂತು ಸಮುದ್ರ ಕಾಯುವ ಕೇಂದ್ರವೊಂದಿದೆ, ಸುನಾಮಿ ಎಚ್ಚರಿಕೆ ಹೊರಡುವುದು, ಮೀನು ಎಲ್ಲಿ ಸಿಗಬಹುದು ಎಂದು ಮೀನುಗಾರರಿಗೆ ತಿಳಿಸುವುದು ಅಲ್ಲಿಂದಲೇ. ಕಡಲಿಂದ ಅಷ್ಟು ದೂರದ ಒಣ ನೆಲದಲ್ಲಿ ಕೂತು ಕಡಲನ್ನು ಓದುವವರ ದಿನಚರಿಯೇ ಒಂದು ನಾಟಕಕ್ಕೆ ಸಾಕು.

ಚಿತ್ರಕಲೆಯವರಿಗೆ ಬೇಕಾದದ್ದು ಇನ್ನೂ ಕಮ್ಮಿ ಖರ್ಚಿನದ್ದು. ಗೋವಾದ ಸಮುದ್ರ ವಿಜ್ಞಾನ ಸಂಸ್ಥೆಗೆ ಸಿಂಧು ಸಾಧನಾ ಎಂಬ ಹಡಗಿದೆ, 2014ರಿಂದ ಓಡುತ್ತಿದೆ. ಅದರ ಒಂದು ಯಾನದಲ್ಲಿ ಒಂದು ಹಾಸಿಗೆ ದಾವಣಗೆರೆ ಕಾಲೇಜಿನ ವಿದ್ಯಾರ್ಥಿಗೆ ಸಿಗಲಿ. ಇದಕ್ಕೆ ಹೊಸ ಕಟ್ಟಡ ಬೇಡ, ಸಮಿತಿ ಬೇಡ. ಬೇಕಿರುವುದು ಎರಡು ಇಲಾಖೆಗಳ ಸಹಿ. ನಮ್ಮಲ್ಲಿ ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಒಂದು ಕಡೆ, ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ ಇನ್ನೊಂದು ಕಡೆ. ಫೈಲು ಯಾರ ಮೇಜಿನಿಂದ ಹೊರಡಬೇಕು ಎಂಬುದೇ ಮೊದಲ ಜಗಳ ಆಗಬಹುದು. ಆ ಜಗಳ ಬಗೆಹರಿಯುವ ತನಕ ಕಾಯಬೇಕಿಲ್ಲ ಅಂತ ನನ್ನ ಅಭಿಪ್ರಾಯ. ಚಿತ್ರದುರ್ಗದಿಂದ ಮರಡಿಹಳ್ಳಿಗೆ ಹೋಗಿ ಬರಲು ಒಂದು ಬೆಳಗ್ಗೆ ಸಾಕು. ಭೂವಿಜ್ಞಾನ ಓದಿದ ಒಬ್ಬರು, ಸ್ಕೆಚ್ ಪುಸ್ತಕ ಹಿಡಿದ ನಾಲ್ಕು ಮಂದಿ, ಊಟದ ಬುತ್ತಿ. ಇಷ್ಟಕ್ಕೆ ಯಾವ ಇಲಾಖೆಯ ಸಹಿಯೂ ಬೇಕಿಲ್ಲ.